ತಿಮಿಂಗಿಲದ ಹಲ್ಲಿನ ಮೇಲಣ ಓಲೆ

ಕರಜೀಕಾಯಿಯನ್ನು ಮಾಡುವ ಮನೆಗಳಲ್ಲಿ ಅದರ ಅಂಚನ್ನು ಕತ್ತರಿಸುವುದಕ್ಕೆಂದು ಹಲ್ಲುಹಲ್ಲಾದ ಒಂದು ಸಣ್ಣ ಚಕ್ರವಿರುವುದು ನಮ್ಮ ಗೃಹಿಣಿಯರಿಗೆ ತಿಳಿದ ವಿಷಯವೇ ಆಗಿದೆ. ಹಿಡಿಯ ತುದಿಯಲ್ಲಿ ತಿರುಗುವ ಈ ಚಕ್ರವನ್ನು ಹೂರಣ ತುಂಬಿ ಮಡಿಸಿದ ಹಿಟ್ಟಿನ ಮೇಲೆ ಒಮ್ಮೆ ಉರುಳಿಸಿದರೆ ಅಂಚು ಕೂಡಿಕೊಳ್ಳುವುದಲ್ಲದೆ ನೆರಿಗೆ ನೆರಿಗೆಯಾಗಿ ಚೆಲುವಾಗಿಯೂ ಕಾಣುವುದು. ಇಂತಹುದೇ ಚಕ್ರವು ಅಮೆರಿಕದ ಸಂಯುಕ್ತ ಸಂಸ್ಥಾನಗಳ ಈಶಾನ್ಯ ಕರಾವಳಿಯ ಮನೆಗಳಲ್ಲಿಯೂ ಇದ್ದಿತು. ಅಲ್ಲಿಯ ಸ್ತ್ರೀಯರು ಹಣ್ಣಿನ ಹೂರಣವನ್ನಿಟ್ಟು ಬೇಯಿಸುವ ಪೈ ಎಂಬ ಭಕ್ಷ್ಯದ ಅಂಚನ್ನು ಅದರಿಂದ ಕತ್ತರಿಸುತ್ತಿದ್ದರು. ನಮ್ಮಲ್ಲಿ ಆ ಚಕ್ರವು ಹಿತ್ತಾಳೆಯದು. ಅಲ್ಲಿಯ ಎಷ್ಟೋ ಮನೆಗಳಲ್ಲಿ ಅದು ತಿಮಿಂಗಿಲದ ಹಲ್ಲಿನದು. ಅದನ್ನು ಮಾಡಿದವನು ಅಕ್ಕಸಾಲಿಗನಲ್ಲ, ದಂತಶಿಲ್ಪಿಯೂ ಅಲ್ಲ. ಮನೆಯಿಂದ ಸಾವಿರಾರು ಮೈಲಿಗಳ ದೂರದಲ್ಲಿ, ಮೂರು ನಾಲ್ಕು ವರ್ಷ ತನ್ನವರ ಮುಖವನ್ನು ಕಾಣದೆ, ಹಡಗಿನಲ್ಲಿ ದುಡಿಯುತ್ತಿದ್ದ ಒಬ್ಬ ನಾವಿಕನು ಅದನ್ನು ಮಾಡಿದವನು.

ತಿಮಿಂಗಿಲದ ಹಲ್ಲಿನ ಮೇಲೆಯೂ ಎಲುಬಿನ ಮೇಲೆಯೂ ನಾವಿಕರು ಚಿತ್ರಗಳನ್ನು ಕೊರೆಯುತ್ತಿದ್ದ ಮತ್ತು ಅವುಗಳಿಂದ ಮನೆಬಳಕೆಯ ಸಾಮಾನುಗಳನ್ನು ಮಾಡುತ್ತಿದ್ದ ಈ ಕಲೆಗೆ ಸ್ಕ್ರಿಮ್‌ಷಾ ಎಂದು ಹೆಸರು. ಈ ಶಬ್ದದ ವ್ಯುತ್ಪತ್ತಿಯನ್ನು ಆ ಭಾಷೆಯ ಪಂಡಿತರು ಇಂದಿಗೂ ನಿಶ್ಚಯಿಸಲಾರದೆ ಇದ್ದಾರೆ. ೧೮೨೬ರಲ್ಲಿ ಬರೆದ ಒಂದು ಹಡಗಿನ ದಿನಚರಿಯಲ್ಲಿ ಇದರ ಒಂದು ರೂಪವು ದೊರೆಯುತ್ತದೆ. ೧೮೫೧ರಲ್ಲಿ ಹರ್ಮನ್ ಮೆಲ್ವಿಲ್ ಎಂಬ ಗ್ರಂಥಕರ್ತನು ತನ್ನ ಪ್ರಸಿದ್ಧವಾದ ಮೋಬಿ ಡಿಕ್ ಎಂಬ ಕಾದಂಬರಿಯಲ್ಲಿ ಈ ಕೆಲಸವನ್ನು ವರ್ಣಿಸಿದ್ದಾನೆ. ಅವನು ತಾನೇ ಅಂತಹ ಹಡಗಿನಲ್ಲಿ ದುಡಿದವನಾದುದರಿಂದ ಅವನ ಮಾತು ಕಣ್ಣಾರೆ ಕಂಡವನ ಮಾತು.

ಮೊದಲು ಪ್ರಾಣಿಯ ವಿಚಾರವನ್ನು ಸ್ವಲ್ಪ ಹೇಳುವೆವು. ತಿಮಿ ಎಂದರೆ ಮಹಾಮತ್ಸ್ಯ. ಅದನ್ನು ನುಂಗುವುದು ತಿಮಿಂಗಿಲ. ಅದನ್ನೂ ನುಂಗುವುದು ತಿಮಿಂಗಿಲಗಿಲ. ಹೀಗೆ ನಮ್ಮ ಪೂರ್ವಿಕರು ಒಂದರ ಮೇಲೊಂದು ಹೆಸರನ್ನು ಕಟ್ಟಿದರು. ರಘುವಂಶದ ಹದಿಮೂರನೆಯ ಸರ್ಗದಲ್ಲಿ ಶ್ರೀರಾಮನು ಪುಷ್ಪಕವಿಮಾನದಿಂದ ಸೀತಾದೇವಿಗೆ ಸಮುದ್ರವನ್ನು ತೋರಿಸುವಾಗ, ತಲೆಯಲ್ಲಿ ರಂಧ್ರವುಳ್ಳ ತಿಮಿಗಳು ನೀರನ್ನು ಮೇಲಕ್ಕೆ ಚಿಮ್ಮಿಸುವುದನ್ನು ಕಾಳಿದಾಸನು ಹೇಳಿದ್ದಾನೆ. ತಿಮಿಂಗಿಲವು ಮೀನಲ್ಲ, ಮರಿಗೆ ಹಾಲೂಡಿಸುವ, ಶ್ವಾಸಕ್ಕಾಗಿ ನೀರಿನ ಮೇಲಕ್ಕೆ ಬರಲೇಬೇಕಾದ ಪ್ರಾಣಿ. ಮೇಲೆ ಚಿಮ್ಮುವಂತೆ ಕಾಣುವುದು ಅದರ ಉಸಿರಿನ ಹಬೆ. ಸೀತೆಯು ನೋಡಿ ಸಂತೋಷಪಡಲೆಂದು ರಾಮನು ತೋರಿಸಿದ ಆ ಚಿಲುಮೆಯೇ ಬೇಟೆಯ ಹಡಗಿನವರಿಗೆ ಗುರುತಾಯಿತು. ಕೂವೆಮರದ ತುದಿಯಲ್ಲಿ ಕುಳಿತ ಕಾವಲುಗಾರನು ಅದನ್ನು ಕಂಡು ಕೂಗಿದೊಡನೆಯೇ ದೋಣಿಗಳು ನೀರಿಗಿಳಿಯುತ್ತಿದ್ದುವು.

ತಿಮಿಂಗಿಲಗಳಲ್ಲಿ ಹಲವು ಜಾತಿಗಳುಂಟು. ಅವುಗಳಲ್ಲಿ ಕೆಲವಕ್ಕೆ ಹಲ್ಲುಗಳೇ ಇಲ್ಲ. ಬಾಯಲ್ಲಿ ಜಾಲರಿಯಂತಹ ಪಟ್ಟಿಗಳಿರುವುವು. ಹಲ್ಲುಳ್ಳವುಗಳಲ್ಲಿ ಬಲು ದೊಡ್ಡದು ಸ್ಪರ್ಮ್ ತಿಮಿಂಗಿಲ. ಇದರ ಗಂಡು ಐವತ್ತು ಅಡಿಗಳಷ್ಟು ಬೆಳೆಯುವುದು. ಕೆಳದವಡೆಯಲ್ಲಿ ನಾಲ್ವತ್ತು ಐವತ್ತು ಹಲ್ಲುಗಳು. ದೊಡ್ಡ ಹಲ್ಲೊಂದು ಸುಮಾರು ಗೇಣುದ್ದವಿದ್ದು ಒಂದು ಕಿಲೋಗ್ರಾಂ ತೂಗುವುದೂ ಉಂಟು. ಆದರೆ ಬೇಟೆಗಾರರಿಗೆ ಬೇಕಾಗಿದ್ದುದು ಹಲ್ಲಲ್ಲ, ಎಣ್ಣೆ. ಚರ್ಮದ ಕೆಳಗಣ ಕೊಬ್ಬನ್ನು ಕಾಯಿಸಿದರೆ ದೀಪದ ಎಣ್ಣೆ. ತಲೆಯಲ್ಲಿ ತುಂಬಿರುವ ಮೇಣದಂತಹ ದ್ರವ್ಯದಿಂದ ಹೊಗೆಯೂ ವಾಸನೆಯೂ ಇಲ್ಲದೆ ಬೆಳ್ಳಗೆ ಉರಿಯುವ ಬತ್ತಿಗಳು. ಯೂರೋಪು ಅಮೆರಿಕಗಳ ಎಷ್ಟೋ ಮನೆಗಳು, ಬೀದಿಗಳು, ದೀಪಸ್ತಂಭಗಳು ಈ ಪ್ರಾಣಿಯ ಮೈಯಿಂದ ಬೆಳಗಿದುವು. ಯಂತ್ರಗಳ ಕೀಲುಗಳಿಗೂ ಇದೇ ಎಣ್ಣೆಯೇ ಆಗಬೇಕಾಗಿದ್ದಿತು.

ಈ ಬೇಟೆಯಿಂದ ಹೆಸರಾದ ಊರುಗಳು ಮಸಾಚುಸೆಟ್ಸ್ ಸಂಸ್ಥಾನದ ನಾಂಟಕೆಟ್ ದ್ವೀಪ ಮತ್ತು ನ್ಯೂ ಬೆಡ್‌ಫರ್ಡ್ ರೇವು. ೧೮೫೭ರಲ್ಲಿ ನ್ಯೂ ಬೆಡ್‌ಫರ್ಡ್ ಒಂದಕ್ಕೇ ಸೇರಿದ ಬೇಟೆಯ ಹಡಗುಗಳು ೩೨೯. ಅವು ಅಟ್ಲಾಂಟಿಕ್ ಸಾಗರದಿಂದ ಹೊರಟು, ದಕ್ಷಿಣ ಅಮೆರಿಕದ ಕೊನೆಯನ್ನು ಬಳಸಿ, ಶಾಂತಸಾಗರವನ್ನೂ ಜಪಾನಿನ ಸಮುದ್ರವನ್ನೂ ಹಿಂದೂ ಮಹಾಸಾಗರವನ್ನೂ ಅಲೆಯುತ್ತಿದ್ದುವು. ನಾವಿಕರಿಗೆ ತಿಂಗಳ ಸಂಬಳವಿರಲಿಲ್ಲ. ತಂದ ಎಣ್ಣೆಯಲ್ಲಿ ಪಾಲು. ಹೊಸದಾಗಿ ಸೇರಿದ ಹುಡುಗನಿಗೆ ನೂರೈವತ್ತರಲ್ಲಿ ಒಂದು ಪಾಲು, ಇಲ್ಲವೆ ಇನ್ನೂರರಲ್ಲಿ ಒಂದು. ಹಡಗಿನಲ್ಲಿ ಕೊಂಡ ಬಟ್ಟೆ, ಹೊಗೆಸೊಪ್ಪುಗಳ ಸಾಲವನ್ನು ಅದರಲ್ಲಿ ಮುರಿದುಕೊಂಡಮೇಲೆ ನಾಲ್ಕು ವರ್ಷದ ದುಡಿಮೆಗೆ ಕೈಯಲ್ಲಿ ಉಳಿಯುವುದು ಎಷ್ಟೋ ವೇಳೆ ಏನೂ ಇರಲಿಲ್ಲ. ಬಡವರ ಮಕ್ಕಳು, ದಾಸ್ಯದಿಂದ ತಪ್ಪಿಸಿಕೊಂಡು ಬಂದ ಕರಿಯರು, ಅಜೋರ್ಸ್ ಮತ್ತು ಕೇಪ್ ವರ್ಡೆ ದ್ವೀಪಗಳವರು, ಶಾಂತಸಾಗರದ ದ್ವೀಪವಾಸಿಗಳು, ಎಲ್ಲರೂ ಆ ಒಂದು ಹಡಗಿನಲ್ಲಿ ಸೇರಿರುತ್ತಿದ್ದರು.

ಇಂತಹವರಿಗೆ ಕಲೆಯನ್ನು ಸಾಧಿಸುವಷ್ಟು ವಿರಾಮವೆಲ್ಲಿಯದು ಎಂದು ವಾಚಕರು ಕೇಳಬಹುದು. ಅದಕ್ಕೆ ಕಾರಣವು ಬೇಟೆಯ ಕ್ರಮದಲ್ಲಿಯೇ ಇದ್ದಿತು. ತಿಮಿಂಗಿಲವನ್ನು ಅಟ್ಟುವ ದೋಣಿಯೊಂದಕ್ಕೆ ಆರು ಮಂದಿ ಬೇಕು. ಹಡಗಿಗೆ ಮೂರು ನಾಲ್ಕು ದೋಣಿಗಳು. ಆದುದರಿಂದ ಹಡಗನ್ನು ನಡೆಯಿಸುವುದಕ್ಕೆ ಬೇಕಾದವರಿಗಿಂತ ಬಹಳ ಹೆಚ್ಚು ಮಂದಿಯನ್ನು, ಮೂವತ್ತು ಮೂವತ್ತೈದು ಜನರನ್ನು, ಕರೆದೊಯ್ಯಬೇಕಾಗಿದ್ದಿತು. ತಿಮಿಂಗಿಲವು ಕಂಡ ದಿನ ಪ್ರಾಣಾಪಾಯದ ಕೆಲಸ. ಅದನ್ನು ಕೊಂದ ಮೇಲೆ ಹಗಲಿರುಳೆನ್ನದೆ ಕೊಬ್ಬನ್ನು ಕಾಯಿಸುವ ಕೆಲಸ. ಅನಂತರ ವಾರಗಟ್ಟಲೆ, ತಿಂಗಳುಗಟ್ಟಲೆ ಏನೂ ಇಲ್ಲ. ಗಾಳಿಯಿಲ್ಲ, ಬೇಟೆಯಿಲ್ಲ, ಮನೆಯ ಸುದ್ದಿಯಿಲ್ಲ.

ನಾವು ಬಹುಕಾಲ ಪಾಠ ಹೇಳಿ ಜೀವಿಸಿದವರು. ಪಾಠದಲ್ಲಿ ಮನಸ್ಸು ನಿಲ್ಲದ ಹುಡುಗನು ಕೈವಾರದ ಮೊನೆಯಿಂದ ಬೆಂಚಿನ ಮೇಲೆ ಕೊರೆಯುವುದನ್ನು ಎಷ್ಟೋ ಸಲ ಕಂಡಿದ್ದೇವೆ. ಅವನು ಕೊರೆಯುವುದು ಮೊದಲು ತನ್ನ ಹೆಸರನ್ನು, ಆಮೇಲೆ ತನ್ನ ಊರಿನ ಹೆಸರನ್ನು. ಮನುಷ್ಯನ ಕೈಗೆ ಮೊನೆಯೊಂದು ಸಿಕ್ಕಿ, ಮನಸ್ಸು ಬೇರೆ ಕಡೆಗೆ ಹೋದಾಗ ಅವನು ಬರೆಯುವುದು ತಾನು ಯಾರು, ತನ್ನವರು ಎಲ್ಲಿ ಎಂಬುದನ್ನೇ ಎಂದು ತೋರುವುದು. ನಾವಿಕರು ಮಾಡಿದುದೂ ಇದೇ. ಅವರಿಗೆ ಸಿಕ್ಕಿದ ಹಲಗೆ ಮಾತ್ರ ಬೇರೆ.

ಆ ಹಲಗೆಯೂ ಅವರ ಕೈಗೆ ಸುಲಭವಾಗಿ ಬರಲಿಲ್ಲ. ಇದರಲ್ಲಿ ನಮಗೆ ಪರಿಚಿತವಾದ ಪದಾರ್ಥವೊಂದರ ಸಂಬಂಧವಿದೆ. ಫಿಜಿ ದ್ವೀಪದ ಮೂಲನಿವಾಸಿಗಳು ಈ ತಿಮಿಂಗಿಲದ ಹಲ್ಲನ್ನು ತಾಬುವಾ ಎಂದು ಕರೆದು, ನಯಮಾಡಿ, ತೆಂಗಿನ ನಾರಿನ ಹುರಿಯನ್ನು ಕಟ್ಟಿ, ವಿವಾಹ, ಮರಣ, ಕ್ಷಮಾಪ್ರಾರ್ಥನೆ ಮೊದಲಾದ ಸಮಯಗಳಲ್ಲಿ ಗೌರವದಿಂದ ಅರ್ಪಿಸುವರು. ಈ ಆಚಾರವು ಇಂದಿಗೂ ನಡೆದುಬಂದಿದೆ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಹಡಗಿನ ವರ್ತಕರು ಹಲ್ಲುಗಳನ್ನು ಅಲ್ಲಿಗೆ ಕೊಟ್ಟು, ಬದಲಿಗೆ ಆ ದ್ವೀಪಗಳ ಗಂಧದ ಮರವನ್ನು ಕಡಿಸಿ ಚೀನಾ ದೇಶಕ್ಕೆ ಒಯ್ದು ಮಾರುತ್ತಿದ್ದರು. ಆಗ ಹಲ್ಲು ವ್ಯಾಪಾರದ ಸರಕು. ಬಡ ನಾವಿಕನಿಗೆ ಅದು ದಕ್ಕುವಂತಿರಲಿಲ್ಲ. ಹತ್ತು ಹದಿನೈದು ವರ್ಷಗಳೊಳಗೆ ಗಂಧದ ಮರಗಳು ತೀರಿದುವು, ಬೇಟೆಯು ಶಾಂತಸಾಗರದಲ್ಲೆಲ್ಲ ಹಬ್ಬಿ ಹಲ್ಲುಗಳು ರಾಶಿಯಾದುವು, ಬೆಲೆ ಇಳಿಯಿತು. ಎಣ್ಣೆಯು ಒಡೆಯರಿಗೆ, ಹಲ್ಲು ಆಳುಗಳಿಗೆ ಎಂಬಂತಾಯಿತು. ಆ ಮೇಲೆಯೇ ಈ ಕಲೆಯು ಹಡಗು ಹಡಗಿಗೂ ಹರಡಿತು.

ಕೆಲಸದ ಕ್ರಮವು ಹೀಗೆ. ದವಡೆಯಿಂದ ಕಿತ್ತ ಹಲ್ಲಿನ ಮೇಲೆ ಗೆರೆಗೆರೆಯಾಗಿ ಏರುತಗ್ಗುಗಳಿರುವುವು. ಮೊದಲು ಅದನ್ನು ಅರದಿಂದ ಉಜ್ಜಿ, ಚೂರಿಯಿಂದ ಹೆರೆದು, ಶಾರ್ಕ್ ಮೀನಿನ ಒರಟು ಚರ್ಮದಿಂದ ತಿಕ್ಕಿ, ಕೊನೆಗೆ ಬೂದಿಯಿಂದಲೂ ಬಟ್ಟೆಯಿಂದಲೂ ಹೊಳಪೇರಿಸಬೇಕು. ಅನಂತರ ಹಾಯಿ ಹೊಲಿಯುವ ಸೂಜಿಯಿಂದಲೋ ಚೂರಿಯ ಮೊನೆಯಿಂದಲೋ ಚಿತ್ರವನ್ನು ಸಣ್ಣ ಗೆರೆಗಳಲ್ಲಿ ಕೊರೆದು, ದೀಪದ ಮಸಿಯನ್ನೋ ಕೊಬ್ಬು ಕಾಯಿಸುವ ಒಲೆಯ ಕಾಡಿಗೆಯನ್ನೋ ಎಣ್ಣೆಯಲ್ಲಿ ಕಲಸಿ ಬಳಿದು ಒರೆಸಿದರೆ, ಮೇಲಣ ಮಸಿ ಹೋಗಿ ಗೆರೆಯೊಳಗಣ ಮಸಿ ನಿಲ್ಲುವುದು. ತಾಳೆಯೋಲೆಯ ಮೇಲೆ ಉಕ್ಕಿನ ಕಂಟದಿಂದ ಅಕ್ಷರಗಳನ್ನು ಕೊರೆದು ಮಸಿಯನ್ನು ಬಳಿದು ಒರೆಸುತ್ತಿದ್ದ ನಮ್ಮ ಹಿರಿಯರ ಲೇಖನಕ್ರಮವನ್ನು ಬಲ್ಲವರಿಗೆ ಇದನ್ನು ಹೆಚ್ಚಾಗಿ ವಿವರಿಸಬೇಕಾದುದಿಲ್ಲ. ಎರಡೂ ಒಂದೇ ವಿದ್ಯೆ. ನಮ್ಮವರು ಓಲೆಯ ಮೇಲೆ ಶಾಸ್ತ್ರವನ್ನು ಬರೆದರು. ಇವರು ಹಲ್ಲಿನ ಮೇಲೆ ಮನೆಗೆ ಕಳುಹಿಸಬೇಕಾದ ಓಲೆಯನ್ನು ಬರೆದರು.

ಚಿತ್ರ ಬರೆಯಲು ಬಾರದವರು ಒಂದು ಉಪಾಯವನ್ನು ಮಾಡುತ್ತಿದ್ದರು. ಪತ್ರಿಕೆಯಲ್ಲಿ ಅಚ್ಚಾದ ಚಿತ್ರವನ್ನು ಹಲ್ಲಿಗೆ ಅಂಟಿಸಿ, ಅದರ ಅಂಚಿನುದ್ದಕ್ಕೂ ಸೂಜಿಯಿಂದ ಚುಚ್ಚಿ, ಕಾಗದವನ್ನು ತೆಗೆದು, ಉಳಿದ ಚುಕ್ಕೆಗಳನ್ನು ಗೆರೆಯಿಂದ ಕೂಡಿಸುತ್ತಿದ್ದರು. ನಮ್ಮ ಹೆಣ್ಣುಮಕ್ಕಳು ಹೊಸಲಿನ ಮುಂದೆ ಚುಕ್ಕೆಗಳನ್ನಿಟ್ಟು ರಂಗವಲ್ಲಿಯನ್ನು ಎಳೆಯುವ ರೀತಿಯೇ ಇದು. ಹೀಗೆ ಹಲ್ಲಿಗೇರಿದ ಚಿತ್ರಗಳಲ್ಲಿ ಫಿಲಡೆಲ್ಫಿಯ ನಗರದ ಗೋಡೀಸ್ ಲೇಡೀಸ್ ಬುಕ್ ಎಂಬ ಸ್ತ್ರೀಯರ ಮಾಸಪತ್ರಿಕೆಯ ಚಿತ್ರಗಳು ಅನೇಕವಿರುವುವು. ಮನೆಯ ಹೆಂಗಸರು ಓದುತ್ತಿದ್ದ ಪತ್ರಿಕೆಯ ಹಾಳೆಯೊಂದು ಭೂಮಂಡಲದ ಆಚೆಯ ಕಡೆಯಲ್ಲಿ ನಾವಿಕನ ಪೆಟ್ಟಿಗೆಯಲ್ಲಿದ್ದಿತೆಂಬುದು ಪತ್ರಿಕೆಯಲ್ಲಿ ಬರೆಯುವ ನಮ್ಮಂತಹವರಿಗೆ ಸ್ವಲ್ಪ ಹೆಮ್ಮೆಯ ವಿಷಯವೇ ಸರಿ.

ಇವರಲ್ಲಿ ಹೆಚ್ಚು ಮಂದಿ ತಮ್ಮ ಹೆಸರನ್ನು ಬಿಟ್ಟುಹೋಗಲಿಲ್ಲ. ಹೆಸರು ತಿಳಿದವರಲ್ಲಿ ಇಬ್ಬರನ್ನು ಹೇಳುವೆವು. ನಾಂಟಕೆಟ್ಟಿನ ಎಡ್ವರ್ಡ್ ಬರ್ಡೆಟ್ ಎಂಬವನು ೧೮೦೫ರಲ್ಲಿ ಹುಟ್ಟಿದವನು. ಅಮೆರಿಕದ ಈ ಕಲೆಗಾರರಲ್ಲಿ ಹೆಸರಿನಿಂದ ಗೊತ್ತಾದವರೊಳಗೆ ಬಹಳ ಹಿಂದಿನವನು. ಅವನ ಗೆರೆ ಆಳವಾದುದು, ಕಪ್ಪು ದಟ್ಟವಾದುದು. ೧೮೩೩ರಲ್ಲಿ ಈಟಿಯ ಹಗ್ಗಕ್ಕೆ ಸಿಲುಕಿ, ತಿಮಿಂಗಿಲದ ಸೆಳೆತಕ್ಕೆ ಸಮುದ್ರದಲ್ಲಿ ಬಿದ್ದು ಅವನು ಪ್ರಾಣವನ್ನು ಬಿಟ್ಟನು. ಅದೇ ದ್ವೀಪದ ಫ್ರೆಡರಿಕ್ ಮೈರಿಕ್ ಎಂಬವನು ಸೂಸನ್ ಎಂಬ ಹಡಗಿನಲ್ಲಿ ೧೮೨೮-೨೯ರಲ್ಲಿ ಇನ್ನೂ ಇಪ್ಪತ್ತರ ಆಚೆ ಈಚೆಯ ತರುಣನಾಗಿದ್ದಾಗ ಹಲ್ಲುಗಳ ಮೇಲೆ ತನ್ನ ಹಡಗನ್ನೂ ಬೇಟೆಯನ್ನೂ ಕೊರೆದು ಹೆಸರನ್ನೂ ತಾರೀಖನ್ನೂ ಬರೆದನು. ಸೂಸನ್ ಹಲ್ಲುಗಳೆಂದು ಪ್ರಸಿದ್ಧವಾದ ಇವು ಇಂದಿಗೆ ಮೂವತ್ತಕ್ಕಿಂತ ಹೆಚ್ಚು ದೊರೆತಿವೆ. ಅವುಗಳಲ್ಲಿ ಹಲವದರ ಮೇಲೆ ಒಂದು ದ್ವಿಪದಿಯುಂಟು. ಬೇಟೆಗಾರರಿಗೆ ಶುಭವನ್ನೂ ಬೇಟೆಯ ಪ್ರಾಣಿಗೆ ಮರಣವನ್ನೂ ಒಂದೇ ಉಸಿರಿನಲ್ಲಿ ಕೋರಿ, ನಾವಿಕರ ಮಡದಿಯರನ್ನೂ ಅದು ಹರಸುತ್ತದೆ. ಈ ಒಂದೇ ಉಸಿರಿನ ವಿಚಾರಕ್ಕೆ ಮುಂದೆ ಬರುವೆವು.

ಮನೆಗಾಗಿ ಮಾಡಿದ ವಸ್ತುಗಳನ್ನು ನೋಡಿದರೆ ಮಾಡಿದವನ ಮನಸ್ಸು ಇನ್ನೂ ಚೆನ್ನಾಗಿ ತಿಳಿಯುವುದು. ಲಟ್ಟಣಿಗೆ, ದಬ್ಬಳ, ಬಟ್ಟೆ ಒಣಗಿಸುವಾಗ ಹಿಡಿಸುವ ಚಿಮಟಿಗೆ, ಹೊಲಿಗೆಯ ಪೆಟ್ಟಿಗೆ, ನೂಲಿನ ಲಡಿಯನ್ನು ಹರಡಿ ಉಂಡೆ ಸುತ್ತುವುದಕ್ಕೆ ಕೊಡೆಯಂತೆ ಬಿಚ್ಚಿ ಮಡಿಸುವ ರಾಟೆ, ಮೇಲೆ ಹೇಳಿದ ಹಲ್ಲುಚಕ್ರ, ಇವೆಲ್ಲ ಹೆಂಗಸರ ಕೈಯಲ್ಲಿ ದಿನವೂ ಆಡುವ ಸಾಮಾನುಗಳು. ಆ ಕಾಲದ ಸ್ತ್ರೀಯರು ರವಿಕೆಯ ಮುಂಭಾಗವು ನೆಟ್ಟಗೆ ನಿಲ್ಲುವಂತೆ ಒಳಗೆ ಸೇರಿಸಿಕೊಳ್ಳುತ್ತಿದ್ದ ಎಲುಬಿನ ಪಟ್ಟಿಯ ಮೇಲೆ ನಾವಿಕನು ಮನೆ, ಮರ, ಹೃದಯ, ಹಡಗು ಇವುಗಳನ್ನು ಕೊರೆದು ಕೊಡುತ್ತಿದ್ದನು. ಅದು ಹೊರಗೆ ಯಾರಿಗೂ ಕಾಣದ ಕಾಣಿಕೆ. ಇತ್ತ ಮನೆಯಲ್ಲಿದ್ದವಳು ಸುಮ್ಮನೆ ಕಾಯುತ್ತ ಕುಳಿತವಳಲ್ಲ. ನಾಂಟಕೆಟ್ಟಿನ ಒಂದು ಬೀದಿಯಲ್ಲಿ ಅಂಗಡಿಗಳನ್ನು ಹೆಚ್ಚಾಗಿ ಹೆಂಗಸರೇ ನಡೆಯಿಸುತ್ತಿದ್ದುದರಿಂದ ಅದಕ್ಕೆ ಲಂಗಗಳ ಸಾಲು ಎಂಬ ಅರ್ಥದ ಹೆಸರೇ ಬಂದಿತು. ಗಂಡನು ಬರುವವರೆಗೆ ಮಕ್ಕಳನ್ನೂ ಲೆಕ್ಕವನ್ನೂ ಸಾಲವನ್ನೂ ನೋಡಿಕೊಂಡವಳು ಅವಳು. ನಾಲ್ಕು ವರ್ಷಕ್ಕೊಮ್ಮೆ ಬಂದ ಆ ಚಕ್ರವು ಅವಳಿಗೆ ಒಂದು ಮಾತನ್ನು ಹೇಳಿರಬೇಕು: ನಿನ್ನ ಅಡಿಗೆಯ ಮನೆಯು ನನ್ನ ನೆನಪಿನಲ್ಲಿದ್ದಿತು ಎಂದು.

ಇಷ್ಟು ಹೇಳಿ ನಿಲ್ಲಿಸಿದರೆ ಲೇಖನವು ಇಂಪಾಗಿರುವುದು, ಆದರೆ ಅರ್ಧಸತ್ಯವಾಗುವುದು. ಒಂದೊಂದು ಹಲ್ಲಿನ ಹಿಂದೆಯೂ ಒಂದು ಪ್ರಾಣಿಯ ವಧೆಯಿದೆ. ಈಟಿಯನ್ನು ತಿಂದ ತಿಮಿಂಗಿಲವು ದೋಣಿಯನ್ನು ಗಂಟೆಗಟ್ಟಲೆ ಎಳೆದು, ಬಳಲಿ, ಶ್ವಾಸಕೋಶಕ್ಕೆ ಭರ್ಜಿಯ ಇರಿತವಾದ ಮೇಲೆ ರಕ್ತವನ್ನು ಉಸಿರಾಡಿ ಸಾಯುತ್ತಿದ್ದಿತು. ೧೮೫೯ರಲ್ಲಿ ಪೆನ್ಸಿಲ್ವೇನಿಯದಲ್ಲಿ ಕಲ್ಲೆಣ್ಣೆಯ ಬಾವಿಯನ್ನು ಕೊರೆದ ಮೇಲೆ ಮನೆಗಳಿಗೆ ಸೀಮೆಎಣ್ಣೆ ಬಂದು ತಿಮಿಂಗಿಲದ ಎಣ್ಣೆಗೆ ಗಿರಾಕಿ ತಗ್ಗಿತು. ೧೮೭೧ರಲ್ಲಿ ಉತ್ತರ ಧ್ರುವದ ಸಮುದ್ರದಲ್ಲಿ ೩೩ ಹಡಗುಗಳು ಹಿಮಕ್ಕೆ ಸಿಕ್ಕಿ ಕೈಬಿಟ್ಟುಹೋದುವು. ೧೮೪೧ರಲ್ಲಿ ಕಟ್ಟಿದ ಚಾರ್ಲ್ಸ್ ಡಬ್ಲ್ಯು. ಮಾರ್ಗನ್ ಎಂಬ ಹಡಗು ೩೭ ಯಾತ್ರೆಗಳನ್ನು ಮುಗಿಸಿ ೧೯೨೧ರಲ್ಲಿ ಬೇಟೆಯಿಂದ ನಿವೃತ್ತವಾಯಿತು. ಅದು ಈಗ ಕನೆಕ್ಟಿಕಟ್ ಸಂಸ್ಥಾನದ ಮಿಸ್ಟಿಕ್ ಎಂಬಲ್ಲಿ ಪ್ರದರ್ಶನವಸ್ತುವಾಗಿದೆ.

ಹಾಯಿಹಡಗಿನ ಕಾಲವು ಮುಗಿದುದರಿಂದ ತಿಮಿಂಗಿಲವು ಬದುಕಿತೆಂದು ತಿಳಿಯಬಾರದು. ನಾರ್ವೆ ದೇಶದ ಸ್ವೆನ್ ಫೊಯ್ನ್ ಎಂಬವನು ಸಿಡಿಗುಂಡಿನ ಈಟಿಯನ್ನು ಫಿರಂಗಿಯಿಂದ ಹಾರಿಸುವುದನ್ನು ರೂಢಿಗೆ ತಂದ ಮೇಲೆ ಉಗಿಹಡಗುಗಳ ಬೇಟೆ ಮೊದಲಾಯಿತು. ಇಪ್ಪತ್ತನೆಯ ಶತಮಾನದಲ್ಲಿ ಒಟ್ಟು ಸುಮಾರು ೨೯ ಲಕ್ಷ ತಿಮಿಂಗಿಲಗಳು ಹತವಾದುವು. ಅವುಗಳಲ್ಲಿ ಸ್ಪರ್ಮ್ ತಿಮಿಂಗಿಲಗಳೇ ಸುಮಾರು ೭ ಲಕ್ಷ ೬೦ ಸಾವಿರ. ಈ ಕಾರ್ಖಾನೆಯ ವಧೆಯು ಹಾಯಿಹಡಗುಗಳ ಬೇಟೆಯನ್ನು ಬಹುದೂರ ಮೀರಿಸಿತು. ಕೊನೆಗೆ ೧೯೮೨ರಲ್ಲಿ ಅಂತರರಾಷ್ಟ್ರೀಯ ತಿಮಿಂಗಿಲ ಆಯೋಗವು ವ್ಯಾಪಾರದ ಬೇಟೆಯನ್ನು ನಿಲ್ಲಿಸಬೇಕೆಂದು ನಿರ್ಣಯಿಸಿತು.

ಹಾಗಾದರೆ ಈ ಹಲ್ಲುಗಳನ್ನು ಏನೆಂದು ಎಣಿಸಬೇಕು? ಇದನ್ನು ಪೂರ್ವಿಕರ ಪರಾಕ್ರಮವೆಂದು ಹೊಗಳುವವರು ಕೆಲವರು. ಪಾಪದ ವಸ್ತುವೆಂದು ಕಣ್ಣಿಗೆ ಕಾಣದಂತೆ ಮಾಡಬೇಕೆನ್ನುವವರು ಕೆಲವರು. ನಮಗೆ ಎರಡೂ ಸರಿಯೆಂದು ತೋರುವುದಿಲ್ಲ. ಶಾಸ್ತ್ರಕಾರರು ದೇಹಲೀದೀಪನ್ಯಾಯವೆಂಬ ಒಂದು ದೃಷ್ಟಾಂತವನ್ನು ಹೇಳುವರು. ಹೊಸಲಿನ ಮೇಲಿಟ್ಟ ದೀಪವು ಮನೆಯ ಒಳಗನ್ನೂ ಹೊರಗನ್ನೂ ಒಟ್ಟಿಗೆ ಬೆಳಗುವುದು. ಒಂದು ಕಡೆಗೆ ಮಾತ್ರ ಬೆಳಕು ಬೀಳಲೆಂದು ಅದಕ್ಕೆ ಆಜ್ಞಾಪಿಸಲಾಗದು. ಆ ಹಲ್ಲು ಅಂತಹ ದೀಪ. ಒಳಗೆ ನೋಡಿದರೆ ಮಡದಿಯನ್ನು ನೆನೆದು ತಿಂಗಳುಗಟ್ಟಲೆ ಕೊರೆದ ಬಡವನ ಪ್ರೀತಿಯು ಕಾಣುವುದು. ಹೊರಗೆ ನೋಡಿದರೆ ಕೆಂಪಾದ ಸಮುದ್ರವು ಕಾಣುವುದು. ಮೈರಿಕನ ದ್ವಿಪದಿಯಲ್ಲಿ ಹರಕೆಯೂ ಮರಣವೂ ಒಂದೇ ಉಸಿರಿನಲ್ಲಿರುವುದು ಇದರಿಂದಲೇ. ಅವನ ಹಲ್ಲನ್ನು ಕಾಪಾಡಬೇಕು. ಎರಡೂ ಕಡೆಯನ್ನು ಕಾಣುವಂತೆ ಕಾಪಾಡಬೇಕು. ನ್ಯೂ ಬೆಡ್‌ಫರ್ಡ್‌ನಲ್ಲಿ ೧೯೦೩ರಲ್ಲಿ ಸ್ಥಾಪಿತವಾದ ಸಂಘದ ವಸ್ತುಸಂಗ್ರಹಾಲಯದಲ್ಲಿ ಇಂದು ಈ ಕಲೆಯ ವಸ್ತುಗಳ ಜೊತೆಗೆ ತಿಮಿಂಗಿಲಗಳ ಅಸ್ಥಿಪಂಜರಗಳನ್ನೂ ತೂಗುಹಾಕಿರುವುದು ಈ ದೃಷ್ಟಿಯಿಂದ ಯೋಗ್ಯವಾಗಿಯೇ ಇದೆ.

ಬೆಲೆಯೇರಿದಲ್ಲಿ ಮೋಸವೂ ಬರುವುದು. ಅಮೆರಿಕದ ಅಧ್ಯಕ್ಷನಾಗಿದ್ದ ಕೆನಡಿಯು ಇಂತಹ ಹಲ್ಲುಗಳನ್ನು ಕೂಡಿಸುತ್ತಿದ್ದನು. ೧೯೬೩ರಲ್ಲಿ ಅವನು ಹತನಾದಾಗ ಅಧ್ಯಕ್ಷಮುದ್ರೆಯನ್ನು ಕೊರೆದ ಒಂದು ಹಲ್ಲನ್ನು ಅವನ ಪತ್ನಿಯು ಶವಪೆಟ್ಟಿಗೆಯಲ್ಲಿರಿಸಿದಳು. ಇದರಿಂದ ಈ ವಸ್ತುಗಳ ಮೇಲೆ ಜನರ ಆಸೆ ಹೆಚ್ಚಿ, ಪ್ಲಾಸ್ಟಿಕ್ಕಿನಲ್ಲಿ ಎರಕಹೊಯ್ದ ನಕಲಿ ಹಲ್ಲುಗಳು, ಸೂಸನ್ ಹಡಗಿನ ಹೆಸರನ್ನು ಹೊತ್ತವು ಸಹ, ಅಂಗಡಿಗಳಲ್ಲಿ ತುಂಬಿದುವು. ನಕಲಿನಲ್ಲಿ ಚಿತ್ರವುಂಟು, ಕಾದವನ ಕಾಲವಿಲ್ಲ.

ಈ ವಿಚಾರವು ನಮ್ಮ ಮನೆಗಳಿಗೂ ಸೇರಿದುದೇ. ಮೈಸೂರಿನ ಬೀಟೆಮರದ ಮೇಲೆ ಆನೆಯ ದಂತವನ್ನು ಕೂರಿಸುವ ಕೆಲಸವು ಲೋಕಪ್ರಸಿದ್ಧವಾದುದು. ಅರಮನೆಯ ಅಂಬಾವಿಲಾಸದ ಬಾಗಿಲನ್ನು ನೋಡಿದವರು ಅದನ್ನು ಮರೆಯಲಾರರು. ಭಾರತದ ಆನೆಯ ದಂತದ ವ್ಯಾಪಾರವನ್ನು ೧೯೮೬ರಲ್ಲಿಯೂ ಆಫ್ರಿಕದ ದಂತದ ವ್ಯಾಪಾರವನ್ನು ೧೯೯೧ರಲ್ಲಿಯೂ ನಮ್ಮ ಸರ್ಕಾರವು ನಿಷೇಧಿಸಿತು. ಕುಶಲಿಗಳು ದಂತವನ್ನು ಬಿಟ್ಟು ಬಣ್ಣಬಣ್ಣದ ಮರಗಳನ್ನೂ ಇತರ ಪದಾರ್ಥಗಳನ್ನೂ ಕೂರಿಸತೊಡಗಿದರು, ಕಲೆಯು ಸಾಯಲಿಲ್ಲ. ಕೈಯ ವಿದ್ಯೆಗೂ ಪ್ರಾಣಿಯ ಮರಣಕ್ಕೂ ಬಿಡಿಸಲಾರದ ಗಂಟಿಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಅಜ್ಜನ ಕಾಲದ ದಂತದ ವಸ್ತುವು ಮನೆಯಲ್ಲಿದ್ದವರು ಅದನ್ನಿಟ್ಟುಕೊಳ್ಳುವ ನಿಯಮಗಳನ್ನು ಅರಣ್ಯ ಇಲಾಖೆಯಲ್ಲಿ ವಿಚಾರಿಸಿಕೊಳ್ಳತಕ್ಕುದು. ಅದನ್ನು ಮಾರುವ ಯೋಚನೆಯನ್ನು ಬಿಡತಕ್ಕುದು.

ಇನ್ನೊಂದು ಎಚ್ಚರಿಕೆ. ಸ್ಪರ್ಮ್ ತಿಮಿಂಗಿಲದ ಕರುಳಿನಲ್ಲಿ ಹುಟ್ಟಿ ಕೆಲವೊಮ್ಮೆ ದಡಕ್ಕೆ ತೇಲಿಬರುವ ಅಂಬರ್ ಎಂಬ ಸುಗಂಧದ್ರವ್ಯವನ್ನು ವೃತ್ತಪತ್ರಿಕೆಗಳಲ್ಲಿ ತಿಮಿಂಗಿಲದ ವಾಂತಿಯೆಂದು ಬರೆಯುವರು. ಕೋಟಿ ಬೆಲೆಯ ಆಸೆಯಿಂದ ಅದನ್ನು ಮಾರಲು ಹೋಗಿ ನಮ್ಮ ನಾಡಿನಲ್ಲಿಯೂ ಜನರು ಪೋಲೀಸರ ಕೈಗೆ ಸಿಕ್ಕಿರುವರು. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾನೂನಿನ ಪ್ರಕಾರ ಅದರ ವ್ಯಾಪಾರವು ಅಪರಾಧ. ಬಂಧುಗಳು ಹೇಳಿದರೆಂದು ಇಂತಹ ವ್ಯವಹಾರಕ್ಕೆ ಗೃಹಸ್ಥರು ಕೈಹಾಕಬಾರದು.

ಹಳೆಯ ವಸ್ತುವನ್ನು ಮಕ್ಕಳಿಗೆ ತೋರಿಸುವಾಗ ನಾವು ಸಾಮಾನ್ಯವಾಗಿ ಅದು ಎಷ್ಟು ಬೆಲೆಯದು, ಯಾರು ಕೊಟ್ಟುದು ಎಂದಷ್ಟೇ ಹೇಳುವೆವು. ಅದು ಯಾವುದರಿಂದ ಆಯಿತು, ಅದಕ್ಕಾಗಿ ಯಾರು ದುಡಿದರು, ಯಾವ ಪ್ರಾಣಿಯು ಸತ್ತಿತು ಎಂಬುದನ್ನೂ ಹೇಳುವ ಅಭ್ಯಾಸವು ನಮ್ಮ ಮನೆಗಳಲ್ಲಿ ಬೆಳೆಯಲಿ. ಹಾಗೆ ಹೇಳಿದುದರಿಂದ ವಸ್ತುವಿನ ಅಂದವು ಕುಂದುವುದಿಲ್ಲ. ಅದನ್ನು ಹಿಡಿದ ಮಗುವಿನ ಕೈಯು ಸ್ವಲ್ಪ ಮೆಲ್ಲಗಾಗುವುದು. ಅಷ್ಟಾದರೆ ಆ ನಾವಿಕನು ಕೊರೆದ ಓಲೆಯನ್ನು ನಾವೂ ಓದಿದಂತಾಯಿತು.